24ಕ್ಕೇ ಇಷ್ಟು ಕೂದಲು ಉದುರಿದ್ರೆ ಮುಂದೆ ಎಂತ ಗತಿ ಡಾಕ್ಟ್ರೇ?

ಪ್ರಶ್ನೆ: ನನಗೆ 24 ವರ್ಷ. ಊರು ಬೈಂದೂರು ಕಡೆ, ಕೆಲಸ ಮಂಗಳೂರಿನಲ್ಲಿ, ಬಿಜೈ ಹತ್ತಿರ ಪಿಜಿಯಲ್ಲಿದ್ದೇನೆ. ಸೆಪ್ಟೆಂಬರ್‌ನಿಂದ, ಅಂದರೆ ಒಂದು ತಿಂಗಳಿಂದ, ಕೂದಲು ರಾಶಿ ರಾಶಿ ಉದುರುತ್ತಿದೆ. ತಲೆಸ್ನಾನ ಮಾಡಿದ್ರೆ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತದೆ. ಜಡೆ ಅರ್ಧ ಆಗಿದೆ. ಅಮ್ಮ ಪಿಜಿಯ ಬೋರ್‌ವೆಲ್ ನೀರಿನದ್ದೇ ತೊಂದರೆ ಅಂತಾರೆ. ಗೆಳತಿ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಕೊಟ್ಟಳು, ಈರುಳ್ಳಿ ಎಣ್ಣೆಯನ್ನೂ ತರಿಸಿದೆ. ಜುಲೈಯಲ್ಲಿ ಡೆಂಗಿ ಬಂದು ಒಂದು ವಾರ ಮಲಗಿದ್ದೆ. ಅಕ್ಕನ ಮದುವೆಗೆ ಅಂತ ಮೇ ತಿಂಗಳಿಂದ ಡಯಟ್ ಮಾಡಿ 8 ಕೆಜಿ ಇಳಿಸಿದ್ದೇನೆ. ಮುಟ್ಟು ಮೊದಲಿಂದಲೂ ಒಂದೂವರೆ ತಿಂಗಳಿಗೊಮ್ಮೆ. ಮನೆಯಲ್ಲಿ ಈಗ ನನಗೂ ಗಂಡು ನೋಡ್ತಿದ್ದಾರೆ. ತಲೆ ಬೋಳಾಗಿಬಿಡುತ್ತದಾ? ಮಿನಾಕ್ಸಿಡಿಲ್ ಹಚ್ಚಲಾ?

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಕೊಡ್ತೇನೆ. ನೀವು ಬರೆದದ್ದನ್ನು ನೋಡಿದರೆ ತಲೆ ಬೋಳಾಗುವ ಲಕ್ಷಣ ಇಲ್ಲ. ಮಿನಾಕ್ಸಿಡಿಲ್, ಅಂದರೆ ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧಿ, ಈಗಲೇ ಬೇಡ. ಮಂಡೆಬೆಚ್ಚ ಮಾಡ್ಬೇಡಿ, ಆದರೆ ಸುಮ್ನೆ ಕೂರುವುದೂ ಬೇಡ, ಯಾಕೆಂದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕತೆ ಇವೆ. ಒಂದು, ಈಗ ರಾಶಿ ಉದುರುತ್ತಿರುವುದು. ಇನ್ನೊಂದು, ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮುಟ್ಟಿನ ವಿಷಯ. ಮೊದಲನೆಯದು ತಾನಾಗಿ ನಿಲ್ಲುವ ಸಾಧ್ಯತೆ ಜಾಸ್ತಿ. ಎರಡನೆಯದನ್ನು ಪರೀಕ್ಷೆ ಮಾಡಿಸಲೇಬೇಕು.

ಕೂದಲು ಉದುರುವ ಹುಡುಗಿಯರು ನನ್ನ ಹತ್ತಿರ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, "ಯಾವ ಎಣ್ಣೆ ಹಚ್ಚುತ್ತೀರಿ" ಅಂತ ಅಲ್ಲ. "ಮೂರು ತಿಂಗಳ ಹಿಂದೆ ನಿಮಗೆ ಏನಾಗಿತ್ತು?" ಅಂತ. ಹೆಚ್ಚಿನವರು ಒಂದು ನಿಮಿಷ ಯೋಚನೆ ಮಾಡಿ, "ಏನೂ ಇಲ್ಲ ಡಾಕ್ಟ್ರೇ" ಅಂತಾರೆ. ಆಮೇಲೆ ಪಕ್ಕದಲ್ಲಿ ಕೂತ ಅಮ್ಮ ನೆನಪು ಮಾಡುತ್ತಾರೆ: ಹೌದಲ್ಲ, ಇವಳಿಗೆ ಜ್ವರ ಬಂದಿತ್ತಲ್ಲ.

ಯಾಕೆ ಮೂರು ತಿಂಗಳು ಅಂತ ಹೇಳ್ತೇನೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ. ನೂರರಲ್ಲಿ ಎಂಬತ್ತೈದು, ತೊಂಬತ್ತು ಕೂದಲು ಬೆಳೆಯುತ್ತಿರುತ್ತವೆ, ಉಳಿದವು ರಜೆಯಲ್ಲಿ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಮೂರು ತಿಂಗಳು ಹಾಗೇ ಬುಡದಲ್ಲಿ ಕೂತು, ಆಮೇಲೆ ಬೀಳುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಎಲ್ಲರಿಗೂ ಇದ್ದದ್ದೇ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಜೋರು ಜ್ವರ, ಆಪರೇಶನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಮನಸ್ಸಿಗೆ ಆಘಾತ, ಇಂಥದ್ದೇನಾದರೂ ಆದಾಗ ದೇಹ ಇದ್ದ ಶಕ್ತಿಯನ್ನೆಲ್ಲ ಜೀವ ಉಳಿಸುವ ಕೆಲಸಕ್ಕೆ ಎಳೆದುಕೊಳ್ಳುತ್ತದೆ. ಕೂದಲು ಬೆಳೆಸುವುದು ಆಗ ಅದಕ್ಕೆ ಮುಖ್ಯ ಅಲ್ಲ. ಹಾಗಾಗಿ ಬೆಳೆಯುತ್ತಿದ್ದ ಕೂದಲಲ್ಲಿ ತುಂಬಾ ಭಾಗ ಒಮ್ಮೆಲೇ ರಜೆಗೆ ಹೋಗುತ್ತದೆ. ಎರಡು ಮೂರು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಬೀಳುತ್ತವೆ. ಇದಕ್ಕೆ ನಾವು ಟೆಲೋಜೆನ್ ಎಫ್ಲುವಿಯಂ ಅಂತೇವೆ.

ನಮ್ಮ ಕರಾವಳಿಯಲ್ಲಿ ಇದು ವರ್ಷ ವರ್ಷ ಕಾಣುವ ಕತೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ವೈರಲ್ ಜ್ವರ. ನವರಾತ್ರಿ ಹೊತ್ತಿಗೆ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೂದಲು ಕಟ್ಟಿಕೊಂಡು ಬಂದ ಹುಡುಗಿಯರು. ನಿಮ್ಮದು ಜುಲೈಯ ಜ್ವರ, ಸೆಪ್ಟೆಂಬರ್‌ನಲ್ಲಿ ಉದುರಲು ಶುರು. ಲೆಕ್ಕ ಸರಿಯಾಗಿ ಕೂಡುತ್ತದೆ, ಅಲ್ವಾ? ಅದರ ಮೇಲೆ 8 ಕೆಜಿ ಇಳಿಸಿದ್ದೀರಿ. ಅಂದರೆ ಪೆಟ್ಟು ಒಂದಲ್ಲ, ಎರಡು.

ಈಗ ಒಂದು ಕೆಲಸ ಮಾಡಿ. ಬಿದ್ದ ಕೂದಲಲ್ಲಿ ನಾಲ್ಕೈದನ್ನು ತೆಗೆದು ಕಪ್ಪು ಬಟ್ಟೆಯ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ತುಂಬಾ ಸಣ್ಣದಾದ, ಬಿಳಿ ಬಣ್ಣದ ಗುಂಡು ಕಾಣುತ್ತದಾ? ಅದನ್ನು ನೋಡಿ "ಬೇರು ಸಮೇತ ಬಂತು, ಇನ್ನು ಅಲ್ಲಿ ಹುಟ್ಟುವುದಿಲ್ಲ" ಅಂತ ಅತ್ತವರನ್ನು ನಾನು ಎಷ್ಟೋ ಕಂಡಿದ್ದೇನೆ. ಅದು ಬೇರು ಅಲ್ಲ. ರಜೆ ಮುಗಿಸಿ ಬಿದ್ದ ಕೂದಲಿನ ಒಣಗಿದ ತುದಿ ಅಷ್ಟೇ. ಬೇರು ಚರ್ಮದ ಒಳಗೇ ಉಂಟು, ಹೊಸ ಕೂದಲು ಅಲ್ಲಿಂದಲೇ ಬರುತ್ತದೆ. ಬಿಳಿ ಗುಂಡು ಇಲ್ಲದೆ ಎರಡೂ ಕಡೆ ತುಂಡಾದಂತೆ, ಗಿಡ್ಡ ಗಿಡ್ಡ ಇದ್ದರೆ ಅದು ಉದುರುವುದಲ್ಲ, ಮುರಿಯುವುದು. ಅದರ ಕಾರಣವೇ ಬೇರೆ: ಸ್ಟ್ರೈಟನಿಂಗ್, ಸ್ಮೂದನಿಂಗ್, ಬ್ಲೀಚ್, ಒದ್ದೆ ಕೂದಲನ್ನು ಎಳೆದು ಬಾಚುವುದು.

ಇನ್ನೊಂದು ನೋಡಬೇಕಾದ್ದು ನಿಮ್ಮ ಬೈತಲೆ. ಜ್ವರದ ನಂತರದ ಉದುರುವಿಕೆಯಲ್ಲಿ ತಲೆಯ ಎಲ್ಲ ಕಡೆಯಿಂದಲೂ ಕೂದಲು ಕಡಿಮೆಯಾಗುತ್ತದೆ, ಜಡೆ ತೆಳ್ಳಗಾಗುತ್ತದೆ, ಬೈತಲೆ ಗೆರೆ ಮಾತ್ರ ಎದ್ದು ಕಾಣುವಷ್ಟು ಅಗಲ ಆಗುವುದಿಲ್ಲ. ಆದರೆ ರಾಶಿ ಉದುರದೆ, ಒಂದೆರಡು ವರ್ಷದಲ್ಲಿ ನಿಧಾನಕ್ಕೆ ನೆತ್ತಿಯ ಬೈತಲೆ ಅಗಲ ಆಗುತ್ತಾ ಹೋದರೆ ಅದು ವಂಶದಿಂದ, ಹಾರ್ಮೋನಿನಿಂದ ಬರುವ ತೆಳುವಾಗುವಿಕೆ. ಅಲ್ಲಿ ಕೂದಲು ಬೀಳುವುದಕ್ಕಿಂತ ಹೆಚ್ಚಾಗಿ, ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದ್ದಕ್ಕಿಂತ ಸಪೂರ ಆಗಿರುತ್ತದೆ. ಹಣೆಯ ಅಂಚು ಹೆಚ್ಚಾಗಿ ಹಾಗೇ ಇರುತ್ತದೆ, ಗಂಡಸರ ಹಾಗೆ ಹಿಂದೆ ಸರಿಯುವುದಿಲ್ಲ. ನಿಮ್ಮ ಹಳೆಯ ಫೋಟೋ ಇರ್ತದಲ್ಲ, ಎರಡು ವರ್ಷದ ಹಿಂದಿನದು, ಅದನ್ನೂ ಇವತ್ತಿನದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಮ್ಮನ, ಚಿಕ್ಕಮ್ಮನ, ಅಪ್ಪನ ಕಡೆಯ ಅತ್ತೆಯರ ಬೈತಲೆಯನ್ನೂ ಒಮ್ಮೆ ಗಮನಿಸಿ. ಎರಡೂ ತೊಂದರೆ ಒಬ್ಬರಿಗೇ ಒಟ್ಟಿಗೆ ಇರುವುದೂ ಉಂಟು. ಒಳಗೊಳಗೆ ಇದ್ದ ತೆಳುವಾಗುವಿಕೆ ಜ್ವರದ ನೆಪದಲ್ಲಿ ಹೊರಗೆ ಕಾಣುತ್ತದೆ.

ಇದಕ್ಕಾಗಿಯೇ ನಿಮ್ಮ ಮುಟ್ಟಿನ ಮಾತಿಗೆ ಬರುತ್ತೇನೆ. 45 ದಿನಕ್ಕೊಮ್ಮೆ ಮುಟ್ಟಾಗುವುದು ನಿಮಗೆ "ಮೊದಲಿಂದಲೂ ಹಾಗೇ" ಇರಬಹುದು, ಹಾಗಂತ ಅದು ಸರಿ ಅಂತ ಆಗುವುದಿಲ್ಲ. ಅದರ ಜೊತೆ ಗಲ್ಲದಲ್ಲಿ, ದವಡೆಯ ಅಂಚಿನಲ್ಲಿ ಮೊಡವೆ, ಮೇಲ್ತುಟಿ ಮತ್ತು ಗಲ್ಲದಲ್ಲಿ ದಪ್ಪ ಕೂದಲು, ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಇವು ಇವೆಯಾ ನೋಡಿ. ಇದ್ದರೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನಿನ ಏರುಪೇರು) ಇರಬಹುದು. ಅದರಲ್ಲಿ ಗಂಡು ಹಾರ್ಮೋನಿನ ಪ್ರಭಾವ ಜಾಸ್ತಿಯಾಗಿ ಮುಖದಲ್ಲಿ ಕೂದಲು ಬೆಳೆಯುತ್ತದೆ, ನೆತ್ತಿಯಲ್ಲಿ ತೆಳ್ಳಗಾಗುತ್ತದೆ. ಪಿಸಿಒಎಸ್ ಅಂದ ಕೂಡಲೇ ಮಕ್ಕಳಾಗುವುದಿಲ್ಲ ಅಂತ ಹೆದರಿಸುವವರು ಮನೆಯಲ್ಲೂ ಇರುತ್ತಾರೆ, ಫೋನಿನಲ್ಲೂ ಇರುತ್ತಾರೆ. ನಂಬಬೇಡಿ. ಚಿಕಿತ್ಸೆ ಇರುವ ತೊಂದರೆ ಅದು. ಆದರೆ ಅದನ್ನು ಮುಚ್ಚಿಟ್ಟು ತಲೆಗೆ ಮಾತ್ರ ಎಣ್ಣೆ ಹಚ್ಚಿದರೆ ಫಲ ಇಲ್ಲ. ಮದುವೆ ಮಾತು ನಡೆಯುತ್ತಿದೆ, ಈಗ ಇದೆಲ್ಲ ಯಾಕೆ ಅಂತ ಮನೆಯವರು ಹಿಂದೆ ಹಾಕಿದರೆ ನೀವು ಒಪ್ಪಬೇಡಿ. ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಾಣಿ.

ಈಗ ಊಟ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ನಿಮ್ಮ ಮೇಲಲ್ಲ, ನಮ್ಮ ಹುಡುಗಿಯರಿಗೆ ಮದುವೆಮನೆಯ ಫೋಟೋಕ್ಕಾಗಿ ಊಟ ಬಿಡಿಸುವ ಈ ಮಾತುಗಳ ಮೇಲೆ. ನೀವು ಯಾವ ಡಯಟ್ ಅಂತ ಬರೆದಿಲ್ಲ. ಸಾಮಾನ್ಯವಾಗಿ ನಾನು ಕೇಳುವುದು ಹೀಗೆ: ಬೆಳಿಗ್ಗೆ ಲಿಂಬೆ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಚಪಾತಿ. ಕೂದಲು ಅಂದರೆ ಕೆರಾಟಿನ್, ಅಂದರೆ ಪ್ರೋಟೀನ್. ಅದು ಗಾಳಿಯಿಂದ ಬರುವುದಿಲ್ಲ. 55 ಕೆಜಿ ತೂಕದ ಹುಡುಗಿಗೆ ದಿನಕ್ಕೆ ಹೆಚ್ಚುಕಡಿಮೆ 45ರಿಂದ 55 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ. ಪಿಜಿಯಲ್ಲಿ ಬರೀ ಅನ್ನ, ತಿಳಿ ಸಾರು, ಉಪ್ಪಿನಕಾಯಿ ತಿಂದರೆ ಹೊಟ್ಟೆ ತುಂಬುತ್ತದೆ, ಲೆಕ್ಕ ತುಂಬುವುದಿಲ್ಲ. ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆಗಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಿನ್ನದವರಾದರೆ ಹೆಸರುಕಾಳು, ಕಡಲೆ, ಹುರುಳಿ, ಮೊಸರು, ನೆಲಗಡಲೆ ದಿನಾ ಬೇಕು, ವಾರಕ್ಕೊಮ್ಮೆ ಅಲ್ಲ.

ಕಬ್ಬಿಣದ ಅಂಶ ಇನ್ನೊಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಉಗ್ರಾಣ ಖಾಲಿ ಇರಬಹುದು. ಉಗ್ರಾಣದ ಲೆಕ್ಕ ಹೇಳುವುದು ಫೆರಿಟಿನ್ ಅನ್ನುವ ಪರೀಕ್ಷೆ. ಲ್ಯಾಬಿನ ಕಾಗದದಲ್ಲಿ 15, 18 ಬಂದರೂ "ನಾರ್ಮಲ್" ಅಂತ ಬರೆದಿರುತ್ತಾರೆ. ಕೂದಲು ಉದುರುತ್ತಿದ್ದರೆ ನನ್ನ ಹಾಗೆ ಅನೇಕ ಚರ್ಮವೈದ್ಯರು 40ರ ಮೇಲೆ ಇರಲಿ ಅಂತ ನೋಡುತ್ತೇವೆ. ಕಬ್ಬಿಣದ ಮಾತ್ರೆ ವೈದ್ಯರು ಕೊಟ್ಟರೆ ಚಹಾ, ಕಾಫಿಯ ಜೊತೆ ನುಂಗಬೇಡಿ, ಅದು ಹೀರಿಕೊಳ್ಳುವುದನ್ನು ತಡೆಯುತ್ತದೆ. ಲಿಂಬೆ ಶರಬತ್ತೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಏರಿತು ಅಂತ ಒಂದು ತಿಂಗಳಿಗೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಉಗ್ರಾಣ ತುಂಬಲು ಇನ್ನೂ ಕೆಲವು ತಿಂಗಳು ಬೇಕು.

ಥೈರಾಯ್ಡ್ ಹೆಚ್ಚಾದರೂ ಕಡಿಮೆಯಾದರೂ ಕೂದಲು ಉದುರುತ್ತದೆ, ಒಂದು ಟಿಎಸ್ಎಚ್ ಮಾಡಿಸಿದರೆ ಗೊತ್ತಾಗುತ್ತದೆ. ಅದರ ಜೊತೆ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ವಿಟಮಿನ್ ಡಿ. ಮುಟ್ಟಿನ ತೊಂದರೆ ಇರುವುದರಿಂದ ನಿಮಗೆ ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಪರೀಕ್ಷೆ ಸೇರಿಸಿ ಅಂತ ವೈದ್ಯರು ಹೇಳಬಹುದು. ಇದಕ್ಕಿಂತ ಜಾಸ್ತಿ, ಮೂವತ್ತು ನಲವತ್ತು ಪರೀಕ್ಷೆಗಳ "ಹೇರ್ ಪ್ಯಾಕೇಜ್" ನಿಮಗೆ ಬೇಡ.

ಹಾಂ, ಆ ಬಯೋಟಿನ್ ವಿಷಯ. ಬಯೋಟಿನ್ ಕೊರತೆ ಆರೋಗ್ಯವಂತರಲ್ಲಿ ಬಹಳ ಅಪರೂಪ. ಕೊರತೆ ಇಲ್ಲದವರಿಗೆ ಅದು ಕೂದಲು ಬೆಳೆಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅದಕ್ಕಿಂತ ಮುಖ್ಯ, ಜಾಸ್ತಿ ಡೋಸಿನ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ಅದು ದಾರಿ ತಪ್ಪಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಹಾಗಾಗಿ ಈಗ ನಿಲ್ಲಿಸಿ, ಮೂರು ದಿನ ಬಿಟ್ಟು ರಕ್ತ ಕೊಡಿ, ಮಾತ್ರೆ ತಿನ್ನುತ್ತಿದ್ದೆ ಅಂತ ಲ್ಯಾಬಿನಲ್ಲೂ ವೈದ್ಯರಲ್ಲೂ ಹೇಳಿ.

ಎಣ್ಣೆಯ ಬಗ್ಗೆ ಹೇಳಿದರೆ ಅಮ್ಮಂದಿರಿಗೆ ಬೇಜಾರಾಗುತ್ತದೆ, ಆದರೂ ಹೇಳ್ತೇನೆ. ತೆಂಗಿನೆಣ್ಣೆ ಒಳ್ಳೆಯದೇ. ಅದು ಕೂದಲಿನ ಎಳೆಯ ಒಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ, ಕೂದಲು ಮುರಿಯುವುದು ತಪ್ಪುತ್ತದೆ. ಆದರೆ ಬುಡದಿಂದ ಹೊಸ ಕೂದಲು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ, ಅದಕ್ಕೆ ದಾಸವಾಳ ಹಾಕಿ ಕುದಿಸಿದರೂ ಇಲ್ಲ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದರೆ ಸಾಕು. ತಲೆಯಲ್ಲಿ ಹೊಟ್ಟು ಇದ್ದರೆ ಮಾತ್ರ ಬುಡಕ್ಕೆ ಎಣ್ಣೆ ಹಚ್ಚಬೇಡಿ. ಹೊಟ್ಟಿಗೆ ಕಾರಣವಾದ ಫಂಗಸ್ ಎಣ್ಣೆಯ ಅಂಶವನ್ನೇ ತಿಂದು ಬೆಳೆಯುವುದು, ನಮ್ಮ ಸೆಕೆ, ಬೆವರು ಅದಕ್ಕೆ ಬೇರೆ ಅನುಕೂಲ. 2% ಕೀಟೋಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಈರುಳ್ಳಿ ಎಣ್ಣೆಗೆ ಇನ್ನು ಹಣ ಹಾಕಬೇಡಿ. ಉದುರುವುದು ಹೇಗೂ ಕೆಲವು ತಿಂಗಳಲ್ಲಿ ನಿಲ್ಲುತ್ತದೆ, ಆಗ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು ಬರುತ್ತದೆ.

ಬೋರ್‌ವೆಲ್ ನೀರು? ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕು ಕಟ್ಟುತ್ತದೆ, ಸ್ವಲ್ಪ ಮುರಿಯಬಹುದು. ಬುಡದಿಂದ ಉದುರಿಸುವುದಿಲ್ಲ. ನಿಮ್ಮ ಪಿಜಿಯ ಉಳಿದವರಿಗೂ ಹೀಗೇ ಉದುರುತ್ತಿದೆಯಾ ಕೇಳಿ ನೋಡಿ. ಬೇಕಾದರೆ ಕೊನೆಯ ಒಂದು ಚೊಂಬು ಫಿಲ್ಟರ್ ನೀರಿನಿಂದ ತೊಳೆಯಿರಿ, ಅಷ್ಟು ಸಾಕು. ಹಾಗೆಯೇ, ಉದುರುತ್ತದೆ ಅಂತ ಹೆದರಿ ತಲೆಸ್ನಾನ ಬಿಡಬೇಡಿ. ವಾರಕ್ಕೊಮ್ಮೆ ತೊಳೆದರೆ ವಾರದ ಕೂದಲೆಲ್ಲ ಒಂದೇ ದಿನ ಕಣ್ಣಿಗೆ ಬೀಳುತ್ತದೆ, ಮತ್ತೆ ಹೆದರಿಕೆ.

ಜುಟ್ಟು ಕಟ್ಟುವ ಬಗ್ಗೆ ಒಂದು ಮಾತು. ಹಣೆಯ ಎರಡೂ ಬದಿ, ಕಿವಿಯ ಮೇಲೆ ಕೂದಲು ಕಡಿಮೆಯಾಗಿದ್ದರೆ ಅದು ಎಳೆತದಿಂದ. ಬಿಗಿಯಾದ ಪೋನಿಟೈಲ್, ಎಕ್ಸ್‌ಟೆನ್ಶನ್. ಭರತನಾಟ್ಯ ಮಾಡುವ ಹುಡುಗಿಯರಲ್ಲಿ ನಾನು ಇದನ್ನು ನೋಡುತ್ತೇನೆ. ಮಲ್ಲಿಗೆ ಮುಡಿಯುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ, ಶಂಕರಪುರ ಮಲ್ಲಿಗೆ ಮುಡಿಯದೆ ನಮ್ಮಲ್ಲಿ ಮದುವೆ ಉಂಟಾ? ಆದರೆ ಎರಡು ಚೆಂಡು ಮಲ್ಲಿಗೆಯನ್ನು ಬಿಗಿ ಪಿನ್ನಿನಲ್ಲಿ ಒಂದೇ ಜಾಗಕ್ಕೆ ಇಡೀ ದಿನ ನೇತು ಹಾಕಬೇಡಿ. ಎಳೆತ ಬೇಗ ಬಿಟ್ಟರೆ ಕೂದಲು ವಾಪಸ್ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬುಡವೇ ಸಾಯುತ್ತದೆ. ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಒದ್ದೆ ಕೂದಲನ್ನು ಕಟ್ಟಿ ಹೆಲ್ಮೆಟ್ ಹಾಕುವುದನ್ನೂ ಬಿಡಿ.

ನಾಣ್ಯದ ಹಾಗೆ ಗುಂಡಗೆ, ನುಣ್ಣಗೆ ಕೂದಲು ಹೋದರೆ ಅದು ಬೇರೆಯೇ ರೋಗ. ನಮ್ಮಲ್ಲಿ ಹುಳ ತಿಂದದ್ದು ಅಂತಾರೆ. ಹುಳ ಯಾವುದೂ ಇಲ್ಲ, ನಮ್ಮದೇ ರೋಗನಿರೋಧಕ ಶಕ್ತಿ ಕೂದಲಿನ ಬುಡದ ಮೇಲೆ ಬೀಳುವುದು. ಅದಕ್ಕೆ ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡು ಬರುವವರಿದ್ದಾರೆ. ತಿಕ್ಕಬೇಡಿ. ಆ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನವರಿಗೆ ಬರುತ್ತದೆ. ತಲೆ ಉರಿ, ನೋವು, ಚರ್ಮ ಹೊಳೆಯುವುದು, ಕೀವು, ಅಥವಾ ಕೂದಲಿನ ಜೊತೆ ಗಂಟುನೋವು, ಬಿಸಿಲಿಗೆ ಮುಖದಲ್ಲಿ ಕೆಂಪು ಇದ್ದರೆ ಕಾಯದೆ ಅದೇ ವಾರ ವೈದ್ಯರನ್ನು ಕಾಣಬೇಕು.

ಇನ್ನು ನೀವು ಕೇಳಿದ ಮಿನಾಕ್ಸಿಡಿಲ್. ಅದು ಮೊದಲು ಬಿಪಿ ಮಾತ್ರೆ ಆಗಿತ್ತು. ತಿಂದವರ ಮೈಯಲ್ಲಿ ಕೂದಲು ಬೆಳೆದದ್ದನ್ನು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಹೆಂಗಸರಿಗೆ 2% ದ್ರಾವಣಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ, 5% ಫೋಮಿಗೆ 2014ರಲ್ಲಿ. ಬೈತಲೆ ಅಗಲವಾಗುವ ತೊಂದರೆಗೆ ಇದು ನಿಜವಾಗಿಯೂ ಒಳ್ಳೆಯ ಔಷಧಿ, ನಾನು ದಿನಾ ಬರೆಯುತ್ತೇನೆ. ಆದರೆ ಹಚ್ಚುವ ಮೊದಲು ಕೆಲವು ವಿಷಯ ಗೊತ್ತಿರಬೇಕು. ಮೊದಲ ಎರಡು ತಿಂಗಳೊಳಗೆ ಉದುರುವುದು ಜಾಸ್ತಿಯಾಗಬಹುದು. ಎಷ್ಟೋ ಜನ ಆಗಲೇ ಬಿಟ್ಟುಬಿಡುತ್ತಾರೆ. ಪರಿಣಾಮ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದು ಕೆಲವು ತಿಂಗಳಲ್ಲಿ ವಾಪಸ್ ಹೋಗುತ್ತದೆ. ಹಣೆಗೆ ಇಳಿದರೆ ಮುಖದಲ್ಲಿ ಸಣ್ಣ ಕೂದಲು ಬರಬಹುದು. ಗರ್ಭಿಣಿಯರು, ಹಾಲೂಡಿಸುವವರು ಹಚ್ಚಬಾರದು. ಊರಿನ ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೂ ಜಾಗ್ರತೆ, ಬೆಕ್ಕಿಗೆ ಅದು ವಿಷ, ದಿಂಬು ನೆಕ್ಕಿದರೂ ಪ್ರಾಣಕ್ಕೆ ಅಪಾಯ. ನಿಮ್ಮದು ಬರೀ ಜ್ವರದ ಉದುರುವಿಕೆ ಆಗಿದ್ದರೆ, ತಾನಾಗಿ ಬರುವ ಕೂದಲಿಗೆ ಯಾಕೆ ಇಷ್ಟು ಕಟ್ಟುಪಾಡು? ಅದಕ್ಕೇ ಈಗ ಬೇಡ ಅಂದದ್ದು. ಪರೀಕ್ಷೆಯಲ್ಲಿ ನೆತ್ತಿ ತೆಳುವಾಗುತ್ತಿರುವುದು ಕಂಡರೆ ಆಗ ಶುರು ಮಾಡೋಣ.

ಪಿಸಿಒಎಸ್ ಜೊತೆ ಇದ್ದರೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಡುವುದುಂಟು. ಅದನ್ನು ತಿನ್ನುವಾಗ ಗರ್ಭ ನಿಲ್ಲಬಾರದು, ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. ಮದುವೆ ಹತ್ತಿರ ಇದ್ದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಗಂಡಸರ ಕೂದಲಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಅಣ್ಣನ ಡಬ್ಬಿಯಿಂದ ತೆಗೆದು ತಿನ್ನುವ ಕೆಲಸ ಮಾತ್ರ ಬೇಡವೇ ಬೇಡ, ಅದಕ್ಕೂ ಇದೇ ಕಾರಣ. ಪಿಆರ್‌ಪಿ ಅಂದರೆ ನಮ್ಮದೇ ರಕ್ತದಿಂದ ಪ್ಲಾಸ್ಮಾ ತೆಗೆದು ತಲೆಗೆ ಚುಚ್ಚುವುದು, ಕೆಲವರಿಗೆ ಸಹಾಯ ಆಗುತ್ತದೆ. ಆದರೆ ಫೆರಿಟಿನ್ 9 ಇರುವ ಹುಡುಗಿಗೆ ಮೊದಲ ದಿನವೇ ಪಿಆರ್‌ಪಿ ಪ್ಯಾಕೇಜ್ ಬರೆದ ಚೀಟಿಯನ್ನು ನಾನು ನೋಡಿದ್ದೇನೆ. ಸಾಲ ಮಾಡಿ ಅದನ್ನು ಮಾಡಿಸಿಕೊಳ್ಳಬೇಡಿ. ಖರ್ಚಿನ ಯೋಚನೆ ಇದ್ದರೆ ನಿಮಗೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಹತ್ತಿರವೇ ಉಂಟು, ಅಲ್ಲಿನ ಚರ್ಮರೋಗ ವಿಭಾಗದಲ್ಲಿ ತೋರಿಸಿ.

ವೈದ್ಯರ ಹತ್ತಿರ ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಹಿಂದಿನ ದಿನವೂ ತಲೆ ತೊಳೆಯಬೇಡಿ. ನಾವು ನಲವತ್ತು ಐವತ್ತು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲ ಎಳೆದು ಎಷ್ಟು ಬರುತ್ತದೆ ಅಂತ ಎಣಿಸುತ್ತೇವೆ, ತೊಳೆದು ಬಂದರೆ ಆ ಲೆಕ್ಕ ತಪ್ಪುತ್ತದೆ. ಡೆಂಗಿಯ ರಿಪೋರ್ಟ್, ತಿಂದ ಮಾತ್ರೆಗಳ ಪಟ್ಟಿ, ಮುಟ್ಟಿನ ತಾರೀಕು ಬರೆದುಕೊಂಡು ಹೋಗಿ. ಮತ್ತೆ ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆದಿಡಿ. ದಿನಾ ಕೂದಲು ಎಣಿಸುವುದನ್ನು ಇವತ್ತೇ ಬಿಡಿ.

ನನಗೂ ಎರಡನೇ ಹೆರಿಗೆಯಾಗಿ ಮೂರು ತಿಂಗಳಿಗೆ ಹೀಗೇ ಆಗಿತ್ತು. ಕಾರಣ ಎಲ್ಲ ಗೊತ್ತಿದ್ದೂ, ಮಗುವಿನ ಮುಷ್ಟಿಯಲ್ಲಿ ನನ್ನ ಕೂದಲು ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ಹಾಗಾಗಿ ನಿಮ್ಮ ಹೆದರಿಕೆ ಸಣ್ಣದು ಅಂತ ನಾನು ಹೇಳುವುದಿಲ್ಲ. ಉದುರುವುದು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಜಡೆ ಮೊದಲಿನಂತೆ ತುಂಬಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಅದಕ್ಕೆ ಮೊದಲೇ, ಬಹುಶಃ ಡಿಸೆಂಬರ್, ಜನವರಿ ಹೊತ್ತಿಗೆ, ನಿಮ್ಮ ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ನೆಟ್ಟಗೆ ನಿಲ್ಲಲು ಶುರುವಾಗುತ್ತದೆ, ಎಷ್ಟು ಬಾಚಿದರೂ ಕೂರುವುದಿಲ್ಲ. ಮುರಿದ ಕೂದಲು ಅಂತ ತಿಳಿದು ಕತ್ತರಿಸಬೇಡಿ. ಒಂದನ್ನು ಬೆಳಕಿಗೆ ಹಿಡಿದು ತುದಿ ನೋಡಿ. ಮುರಿದದ್ದಾದರೆ ತುದಿ ಮೊಂಡಾಗಿರುತ್ತದೆ. ಸೂಜಿಯ ಹಾಗೆ ಚೂಪಾಗಿದ್ದರೆ ಅದು ಹೊಸದಾಗಿ ಹುಟ್ಟಿದ್ದು.